ಚನ್ನಮಲ್ಲಮ್ಮ ಬಿಟ್ಟ ಹಾಲು

ಚೀಕಲಪರ್ವಿಯಲ್ಲಿ ಚನ್ನಮಲ್ಲಮ್ಮನ ಎಮ್ಮೆಹಾಲಿಗೆ ದೊಡ್ಡ ಹೆಸರು. ಬೆಳ್ಳಂಬೆಳಗ್ಗೆ ಮೂರು ಎಮ್ಮೆ ಹಿಂಡಿ, ಕ್ಯಾನು ತುಂಬಿಸಿ ಮಾನ್ವಿಯ ಬಸ್ಸಿಗೆ ಹಾಕಿದರೆ ಅವಳಿಗೆ ದಿನವೆಲ್ಲ ಸಮಾಧಾನ. ನೀರು ಬೆರೆಸಿದ್ದೀಯಾ ಎಂದು ಯಾರಾದರೂ ಕೇಳಿದರೆ ಮಾತ್ರ ಸಿಟ್ಟು ನೆತ್ತಿಗೇರುತ್ತಿತ್ತು. "ನಮ್ಮ ಹಾಲು ಕುಡದ್ರ ಮತ್ತೊಬ್ಬರ ಮನಿ ಹಾಲು ಬಾಯಿಗೆ ಹತ್ತಂಗಿಲ್ಲ" ಎಂದು ಆಣೆ ಮಾಡಿ ಹೇಳುತ್ತಿದ್ದಳು. ಹೇಳುವ ಬಾಯಿಗೆ ಮೂವತ್ತನಾಲ್ಕು ವರ್ಷಗಳಿಂದ ಆ ಹಾಲಿನ ಒಂದು ಹನಿಯೂ ಬಿದ್ದಿರಲಿಲ್ಲ.

ಅದು ಹರಕೆ. ಮದುವೆಯಾಗಿ ನಾಲ್ಕು ವರ್ಷ ಮಕ್ಕಳಾಗದಿದ್ದಾಗ ಅತ್ತೆ ಅವಳನ್ನು ದೇವರ ಮುಂದೆ ಕೂಡಿಸಿ, ಗಂಡು ಹುಟ್ಟಲೆಂದು ಹಾಲು, ಮೊಸರು, ಮಜ್ಜಿಗೆ ಮೂರನ್ನೂ ಬಿಡಿಸಿದ್ದಳು. ಮರುವರ್ಷ ಮೌನೇಶ ಹುಟ್ಟಿದ. ಅಲ್ಲಿಗೆ ಹರಕೆ ಗಟ್ಟಿಯಾಯಿತು. ಗಂಡ ಗಡಿಗೆಪ್ಪ ಏನು ಬಿಟ್ಟ ಎಂದು ಯಾರೂ ಕೇಳಲಿಲ್ಲ; ಅವನು ಬೀಡಿಯನ್ನೂ ಬಿಟ್ಟಿರಲಿಲ್ಲ.

ಈಗ ಸೊಸೆ ಸ್ವಪ್ನಾ ಬಸುರಿ. ಏಳನೆಯ ತಿಂಗಳ ಸೀಮಂತದ ಕುಬಸದಲ್ಲಿ ಅವಳಿಂದಲೂ ಹಾಲು ಬಿಡಿಸಬೇಕೆಂದು ಚನ್ನಮಲ್ಲಮ್ಮ ನಿಶ್ಚಯಿಸಿದ್ದಳು.

ಆ ದಿನಗಳಲ್ಲೇ ಚನ್ನಮಲ್ಲಮ್ಮ ಕೊಟ್ಟಿಗೆಯಲ್ಲಿ ಸುಮ್ಮನೆ ಜಾರಿ ಕೂತಳು. ಅಷ್ಟಕ್ಕೇ ಬಲಗೈ ಮುರಿಯಿತು. ಕೈಗೆ ಪಟ್ಟಿ ಹಾಕಿಕೊಂಡು ಕಟ್ಟೆಯ ಮೇಲೆ ಕೂತಿದ್ದಾಗ ರಾಯಚೂರಿನಿಂದ ನರ್ಸ್ ಮೇಘಾ ಬಂದಳು. ಹೆಂಗಸರ ಎಲುಬು ಮತ್ತು ಥೈರಾಯ್ಡ್ ಬಗ್ಗೆ ಅಲ್ಲಿನ ವೈದ್ಯರು ನಡೆಸುತ್ತಿದ್ದ ಅಧ್ಯಯನಕ್ಕೆ ಅವಳು ಊರೂರು ತಿರುಗುತ್ತಿದ್ದಳು.

"ದಿನಾ ಎಷ್ಟು ಹಾಲು ಕುಡೀತೀರಿ, ಯವ್ವಾ?"

"ಇಲ್ಲ ಅಂತ ಬರಕೋ."

"ಮೂರು ಎಮ್ಮಿ ಅದಾವಲ್ರೀ?"

"ಎಮ್ಮಿ ಅದಾವ. ಹಾಲು ದೇವರಿಗೆ ಬಿಟ್ಟೀನಿ."

ಮೇಘಾ ಪೆನ್ನು ಕೆಳಗಿಟ್ಟಳು. "ಈ ಓಣ್ಯಾಗ ನೀವು ಏಳನೇದವರು ಹಿಂಗ ಹೇಳಾಕತ್ತಿದ್ದು. ನಮ್ಮ ಫಾರ್ಮಿನ್ಯಾಗ ಹಾಲು ಸಿಗಂಗಿಲ್ಲ ಅಂತ ಬರಿಯಾಕ ಜಾಗಾ ಅದ, ಬಿಟ್ಟೀನಿ ಅಂತ ಬರಿಯಾಕ ಇಲ್ಲ."

ರಾಯಚೂರಿಗೆ ಕರೆದೊಯ್ದು ರಕ್ತ ನೋಡಿದರು, ಯಂತ್ರದ ಮೇಲೆ ಮಲಗಿಸಿ ಎಲುಬು ನೋಡಿದರು. ಹದಿನೈದು ದಿನಕ್ಕೆ ಮೇಘಾ ಕಾಗದ ಹಿಡಿದು ಮನೆಗೇ ಬಂದಳು.

"ನಿಮ್ಮ ಥೈರಾಯ್ಡ್ ಮಿತಿ ಮೀರಿ ಕೆಲಸ ಮಾಡಾಕತ್ತದ. ಕೈ ನಡಗೋದು, ಮೈ ಇಳಿಯೋದು ಅದಕ್ಕ. ಎಲುಬೂ ಅದರಿಂದ ಸವೀತಾವ. ಮ್ಯಾಲೆ ನೀವು ಹಾಲು ಬಿಟ್ಟೀರಿ. ಐವತ್ತೆಂಟಕ್ಕ ಎಂಬತ್ತರ ಎಲುಬು ಆಗ್ಯಾವ. ಇನ್ನೊಮ್ಮಿ ಬಿದ್ರ ಸೊಂಟ ಮುರೀತದ್ರೀ. ಗುಳಿಗಿ ತಗೋರಿ, ಹಾಲೂ ಕುಡೀರಿ."

"ಗುಳಿಗಿ ನುಂಗ್ಲಿ. ಹಾಲಿನ ಮಾತು ಬ್ಯಾಡ" ಎಂದ ಗಡಿಗೆಪ್ಪ. "ಹರಕಿ ಮುರದ್ರ ಮಗನಿಗೆ ಕೇಡಾಗ್ತದ."

ಚನ್ನಮಲ್ಲಮ್ಮನಿಗೂ ಅದೇ ಭಯ. ತನ್ನ ಸೊಂಟ ಹೋದರೆ ಹೋಗಲಿ, ಮಗನ ಒಂದು ಕೂದಲೂ ಕೊಂಕಬಾರದು. ತಾಯಿಯ ಈ ಭಯವನ್ನೇ ಹಿಡಿದುಕೊಂಡು ಎಷ್ಟು ಮನೆಗಳಲ್ಲಿ ಹೆಂಗಸರ ಎಲುಬು ಸವೆಸಿದ್ದೇವೋ, ಲೆಕ್ಕ ಇಟ್ಟವರಿಲ್ಲ.

ಕುಬಸದ ದಿನ ಬಂತು. ಹಸಿರು ಸೀರೆಯುಟ್ಟ ಸ್ವಪ್ನಾಳ ಮುಂದೆ ಅತ್ತೆ ಹಾಲಿನ ಬಟ್ಟಲಿಟ್ಟಳು. "ಎಡಗೈಲೆ ಸರಿಸಿಬಿಡವ್ವಾ. ಹುಟ್ಟೋ ಮಗನ ಸಲುವಾಗಿ."

ಸ್ವಪ್ನಾ ಬಲಗೈಯಿಂದ ಬಟ್ಟಲೆತ್ತಿ ತಳ ಕಾಣುವ ತನಕ ಕುಡಿದಳು. ಹೆಂಗಸರ ಹಾಡು ಅರ್ಧಕ್ಕೇ ನಿಂತಿತು.

"ಅತ್ತಿ, ಸಿಟ್ಟಾಗಬ್ಯಾಡ್ರಿ. ಕೂಸಿನ ಎಲುಬು ನನ್ನ ಮೈಯಾಗಿಂದನ ಆಗಬೇಕು. ಹೆಣ್ಣಾಗ್ಲಿ ಗಂಡಾಗ್ಲಿ, ನಾ ಹಾಲು ಬಿಡಂಗಿಲ್ಲ."

"ಹಿರೇರ ಮುಂದ ಏನ್ ಮಾತದು?" ಗಡಿಗೆಪ್ಪ ಎದ್ದು ನಿಂತ.

ದೇವದುರ್ಗದಲ್ಲಿ ಮೇಷ್ಟರಾಗಿದ್ದ ಮೌನೇಶ ರಜೆ ಹಾಕಿ ಬಂದಿದ್ದ. ಅಪ್ಪನಿಗೆ ಎದುರಾಡಿದವನಲ್ಲ, ಆ ದಿನ ಆಡಿದ. "ಯಪ್ಪಾ, ಹರಕಿ ನನ್ನ ಹೆಸರಿಂದು. ಕೇಡು ಬಂದ್ರ ನನಗ ಬರ್ಲಿ." ಒಳಗಿನಿಂದ ಇನ್ನೊಂದು ಬಟ್ಟಲು ಹಾಲು ತಂದು ಅವ್ವನ ಮುಂದೆ ಕೂತ. "ದಿನಾ ನನಗ ಚರಿಗಿ ತುಂಬ ಕೊಟ್ಟು ನೀ ನೋಡಕೋತ ಕುಂತಿ. ನಿನ್ನ ಎಲುಬು ಮುರದು ನಾ ಬಾಳೋದು ನನಗ ಬ್ಯಾಡ, ಯವ್ವಾ."

ಚನ್ನಮಲ್ಲಮ್ಮ ದೇವರ ಜಗಲಿಯತ್ತ ನೋಡಿದಳು. ಆಮೇಲೆ ಮಗನ ಮುಖ ನೋಡಿದಳು. ಕೈಗೆ ಪಟ್ಟಿಯಿತ್ತು; ಅವನೇ ಕುಡಿಸಿದ. ಅವಳ ಕಣ್ಣು ತುಂಬಿ ಬಂದವು.

ಮೂಲೆಯಲ್ಲಿ ಕೂತಿದ್ದ ನೆರೆಮನೆಯ ಬಸವಂತಮ್ಮ ಮೆಲ್ಲಗೆ ಅಂದಳು: "ಸ್ವಪ್ನಾ, ನನಗೂ ಒಂದೀಟು ಕೊಡವಾ. ನಾ ಬಿಟ್ಟು ಇಪ್ಪತ್ತು ವರ್ಷಾತು."

ಆರು ತಿಂಗಳ ಮೇಲೆ ಮೇಘಾ ಅದೇ ಫಾರ್ಮು ಹಿಡಿದು ಬಂದಾಗ, ಗುಳಿಗೆ ತಪ್ಪಿಸದೆ ನುಂಗಿದ್ದ ಚನ್ನಮಲ್ಲಮ್ಮನ ಕೈ ನಡುಗುತ್ತಿರಲಿಲ್ಲ. ತವರಿನಿಂದ ಬಂದಿದ್ದ ಸ್ವಪ್ನಾಳ ಹೆಣ್ಣುಕೂಸು ಅಜ್ಜಿಯ ತೊಡೆಯ ಮೇಲೆ ಕಾಲು ಬಡಿಯುತ್ತಿತ್ತು. ಮೌನೇಶ ಗಟ್ಟಿಮುಟ್ಟಾಗಿಯೇ ಇದ್ದ.

"ದಿನಾ ಎಷ್ಟು ಹಾಲ್ರೀ, ಯವ್ವಾ?"

"ಎರಡು ಲೋಟ ಅಂತ ಬರಕೋ" ಎಂದಳು ಚನ್ನಮಲ್ಲಮ್ಮ. ಮೇಘಾ ಬರೆದು ಮುಗಿಸುವ ತನಕ ಕಾದು ಮತ್ತೆ ಹೇಳಿದಳು: "ಮೂವತ್ತನಾಕು ವರ್ಷ ರುಚಿ ನೋಡ್ಲಾರದನ ಮಂದಿಗೆ ಆಣಿ ಮಾಡೀನಿ. ಸುಳ್ಳು ಹೇಳಿಲ್ಲ, ತಂಗಿ. ನಮ್ಮ ಹಾಲು ಖರೇನ ರುಚಿ ಅದಾವ. ಅದನ್ನೂ ಬರಕೋ."