ಇಸ್ತ್ರಿ ಮೇಜಿನ ಅಂಚು

ಕಾಲರಿನ ಮೇಲೆ ನೀರು ಚಿಮುಕಿಸಿ ಇಸ್ತ್ರಿ ಪೆಟ್ಟಿಗೆ ತಳ್ಳಿದಳು, ಬಟ್ಟೆ ಚುರ್ ಎಂದಿತು, ಹೊಕ್ಕುಳ ಕೆಳಗೆ ಚುರುಕ್ ಎಂದಿತು — ಅದೇ ಜಾಗ, ಹೊಲಿಗೆ ಬಿಚ್ಚಿ ಒಂದು ಮಳೆಗಾಲವೇ ಕಳೆದಿದೆ, ಗಾಯ ಮಾಯ್ದು ಬಿಳಿ ಗೆರೆಯಾಗಿದೆ, ಒಳಗಿನದಕ್ಕೆ ಮಾತ್ರ ಇನ್ನೂ ಮುನಿಸು, ಹರ್ನಿಯಾ ಅಂದ್ರೆ ಹರಿದ ಚೀಲಕ್ಕೆ ತೇಪೆ ಹಾಕಿದ ಹಾಗೆ ಅಷ್ಟೇ ಅಂದಿದ್ದರು ಡಾಕ್ಟರು, ಆಮೇಲೆ ನೋವು ಅಂತ ಹೋದರೆ, ನರ ಸಿಕ್ಕಿಹಾಕ್ಕೊಂಡಿರಬಹುದಮ್ಮ, ಒಳಗೆ ಮಾಂಸ ಗಂಟುಕಟ್ಟಿರಬಹುದು, ಕೆಲವರಿಗೆ ವಾಸಿಯಾಗೋದು ತಡ, ಭಾರ ಎತ್ತುತ್ತೀರಾ, ಇಲ್ಲಪ್ಪ ಅಂದಿದ್ದಳು, ಸುಳ್ಳೇನಲ್ಲ, ಇಸ್ತ್ರಿ ಪೆಟ್ಟಿಗೆಯನ್ನು ಯಾರು ಎತ್ತುತ್ತಾರೆ, ತಳ್ಳುವುದು ತಾನೆ — ತೋಳಿಗೆ ಬಂದಳು, ಮಡಿಸಿದಳು, ಅಕ್ಕನಿಗೂ ಅದೇ ಹರ್ನಿಯಾ, ನಗುವಾಗಲೂ ಅಂಗೈಯಿಂದ ಹೊಟ್ಟೆ ಒತ್ತಿಕೊಳ್ಳುತ್ತಾಳೆ, ಬಿಟ್ಟರೆ ಕರುಳು ಸಿಕ್ಕಿಕೊಂಡು ಜೀವಕ್ಕೇ ಬಂದೀತು ಎಂದು ಹೆದರಿಸಿದರೂ ಆಪರೇಷನ್ನಿಗೆ ಒಪ್ಪಳು, ಮಾಡಿಸ್ಕೊಂಡವಳು ನೀನು, ನೋವು ಹೋಯ್ತೋ ಇಲ್ವೋ ಬರೆದು ಹಾಕೇ, ಹೋಯ್ತು ಅಂದ್ರೆ ನಾನೂ ಆಸ್ಪತ್ರೆಗೆ ಹೋಗ್ತೀನಿ ಅಂತ ಕಾಗದ ಬರೆದಿದ್ದಾಳೆ, ಫೋನಲ್ಲಿ ಹೇಳೋಣವೆಂದರೆ ಅವಳಿಗೆ ಕಿವಿ ಕೇಳದು, ಹೋಯಿತು ಅಂದರೆ ಸುಳ್ಳು, ಹೋಗಿಲ್ಲ ಅಂದರೆ ಅವಳು ಜಪ್ಪಯ್ಯ ಅಂದರೂ ಹೋಗಳು, ಬರೆಯುವುದು, ಹರಿಯುವುದು, ರಸ್ತೆಯಾಚೆ ಅಂಚೆ ಡಬ್ಬಿ, ಅದರ ಕಪ್ಪು ಬಾಯಿ ದಿನವೂ ಇತ್ತ ಕಡೆಗೇ.

ಬಟ್ಟೆ ಗಂಟು ತಂದ ಸೊಸೆ ಬಾಗಿಲಲ್ಲೇ ನಿಂತು ನಗುತ್ತಿದ್ದಾಳೆ, ಅತ್ತೇ, ಇಸ್ತ್ರಿ ಕೈಯಲ್ಲಿ ಮಾಡ್ತಾರೆ ಅಂದ್ಕೊಂಡಿದ್ದೆ, ನೀವು ಹೊಟ್ಟೇಲಿ ಮಾಡ್ತೀರಲ್ಲ, ಏನೇ ನಿನ್ನ ತಲೆಹರಟೆ, ಅಯ್ಯೋ ಕೆಳಗೆ ನೋಡ್ಕೊಳ್ಳಿ — ನೋಡಿಕೊಂಡಳು, ಮೇಜಿನ ಅಂಚು ಸರಿಯಾಗಿ ಗಾಯದ ಗೆರೆಯ ಮೇಲೆ, ಬಣ್ಣ ಹೋಗಿ ನುಣ್ಣಗಾದ ಅಂಚು, ಆಚೆ ತುದಿಗೆ ಕೈ ಎಟುಕಲೆಂದು ಒರಗಿ ಒರಗಿ ತಾನೇ ಸವೆಸಿದ್ದು, ಡಾಕ್ಟರು ಭಾರ ಕೇಳಿದರು, ಮೇಜು ಕೇಳಲಿಲ್ಲ, ತನಗೂ ಹೇಳಬೇಕೆಂದು ತೋಚಲಿಲ್ಲ. ಹಿಂದೆ ಸರಿದು ತಳ್ಳಿದಳು, ಚುಚ್ಚಲಿಲ್ಲ, ಮಂದವಾಗಿ ನೋಯುತ್ತಲೇ ಇದೆ, ನರವೂ ಇದ್ದೀತು, ಗಂಟೂ ಇದ್ದೀತು, ಜೊತೆಗೆ ಈ ದಡ್ಡತನ, ಆದರೆ ಕೆಮ್ಮು ಬಂದರೆ ಈಗ ಮೊದಲಿನ ಹಾಗೆ ಹೆದರಿ ಗೋಡೆ ಹಿಡಿಯುವುದಿಲ್ಲವಲ್ಲ, ಇಷ್ಟು ದಿನ ಅದನ್ನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲವಲ್ಲ, ಪೆಟ್ಟಿಗೆ ಆರಿಸಿ ಮೇಜಿನ ಮೇಲೆಯೇ ಬರೆದಳು, ಅಕ್ಕಾ, ನೋವು ಪೂರ್ತಿ ಹೋಗಿಲ್ಲ, ಭಯ ಹೋಗಿದೆ, ನೀನು ಹೋಗು, ನಾನು ಬಂದು ಮಂಚದ ಪಕ್ಕ ಕೂತಿರ್ತೀನಿ, ಬೈಯೋದಿದ್ದರೆ ಆಗ ಬೈಯಿ — ಚಪ್ಪಲಿ ಮೆಟ್ಟಿ ರಸ್ತೆ ದಾಟಿದಳು, ಹಿಂದಿನಿಂದ ಸೊಸೆ, ಅತ್ತೇ ಸ್ಟಾಂಪು ಹಚ್ಚಿದ್ರಾ, ಹಚ್ಚಿದೆ ಕಣೇ, ಈಗ ಎದುರಿಗೇ ಆ ಬಾಯಿ, ಕಪ್ಪು, ಒಳಗೆ ಅರ್ಧ ಹೋದ ಕಾಗದ, ಹೊರಗುಳಿದ ಬಿಳಿ ಮೂಲೆ, ಬಿಳಿ ಮೂಲೆ, ಬೆರಳು ಬಿಟ್ಟಿತು.