ಒಂದು ಲೇಹ, ಇಬ್ಬರು ಪ್ರಯಾಣಿಕರು

ಗಲ್ಫಿಗೆ ಯಾರು ಯಾವಾಗ ಹೊರಡುತ್ತಾರೆ ಎಂಬುದು ಬಂಟ್ವಾಳದ ಸುತ್ತಮುತ್ತ ಬೇರೆ ಯಾರಿಗೆ ತಿಳಿಯದಿದ್ದರೂ ಖದೀಜಮ್ಮನಿಗೆ ತಿಳಿದಿರುತ್ತಿತ್ತು. ಗಂಡ ಇಬ್ರಾಹಿಂ ಖಲೀಲ್ ಶಾರ್ಜಾದಲ್ಲಿ ದುಡಿಯುತ್ತಿದ್ದ ಕಾಲದಲ್ಲಿ, ಅವರಿಗೊಂದು ಬಾಟಲಿ ಉಪ್ಪಿನಕಾಯಿ ಕಳಿಸಲು ಜನ ಹುಡುಕುತ್ತ ಶುರುವಾದ ಅಭ್ಯಾಸ ಅದು. ಅವರು ಊರಿಗೆ ಮರಳಿ ಅಂಗಡಿ ಹಾಕಿ ಹದಿನೈದು ವರ್ಷವಾದರೂ ಅಭ್ಯಾಸ ನಿಲ್ಲಲಿಲ್ಲ. ರಜೆ ಮುಗಿಸಿ ಹೊರಡುವವರು ತಮ್ಮ ಪೆಟ್ಟಿಗೆಯಲ್ಲಿ ಎಷ್ಟು ಕಿಲೋ ಜಾಗ ಉಳಿದಿದೆ ಎಂದು ಆಕೆಗೆ ಹೇಳಿ ಹೋಗುವರು. ಮಕ್ಕಳಿಗೆ ಏನಾದರೂ ಕಳಿಸಬೇಕಾದವರು ಬಂದು ಕೇಳುವರು. ಇವರ ಹಪ್ಪಳ ಅವರ ಪೆಟ್ಟಿಗೆಯಲ್ಲಿ ಸಮುದ್ರ ದಾಟುವುದು. ಇದಕ್ಕೆಂದು ಯಾರೂ ಯಾರಿಂದಲೂ ಏನೂ ತೆಗೆದುಕೊಳ್ಳುವ ಕ್ರಮವಿಲ್ಲ. ಇದ್ದದ್ದು ಒಂದೇ ನಿಯಮ: ಒಯ್ಯುವವರ ಕಣ್ಣೆದುರೇ ಪಾರ್ಸೆಲ್ ಬಿಚ್ಚಿ ತೋರಿಸಿ, ತಿನ್ನುವಂಥದ್ದಾದರೆ ರುಚಿಯೂ ತೋರಿಸಿ ಮತ್ತೆ ಕಟ್ಟಬೇಕು.

ಮಗಳು ಹಸ್ನಾ ಮೂಡುಬಿದಿರೆಯಲ್ಲಿ ಆರು ಜನರ ಒಂದು ಸಣ್ಣ ಆಫೀಸಿನಲ್ಲಿ ವೆಬ್‌ಸೈಟುಗಳನ್ನು ಮಾಡುವ ಕೆಲಸದಲ್ಲಿದ್ದಳು. ದಿನವೂ ಸಿದ್ಧಕಟ್ಟೆ ದಾರಿಯ ಬಸ್ಸಿನಲ್ಲಿ ಹೋಗಿಬರುತ್ತಿದ್ದಳು. ತಾಯಿ, ಅವಳ ಬಾಯಲ್ಲಿ ಉಮ್ಮ, ಕನ್ನಡಕ ಏರಿಸಿಕೊಂಡು ನೋಟ್‌ಬುಕ್ಕಿನಲ್ಲಿ ಹೆಸರು ಹುಡುಕುವುದನ್ನು ನೋಡಿ ನೋಡಿ, ಎರಡು ತಿಂಗಳ ಶನಿವಾರಗಳನ್ನು ಖರ್ಚು ಮಾಡಿ ಅವಳೊಂದು ಸೈಟು ಕಟ್ಟಿದಳು. ಸೈಟು ಕಟ್ಟಲು ಅವಳು ಬಳಸುವ ಸಿದ್ಧ ಚೌಕಟ್ಟಿನಲ್ಲಿ, ಅಂದರೆ ಫ್ರೇಮ್‌ವರ್ಕಿನಲ್ಲಿ, ಮೊದಲು ಮಾಡಬೇಕಾದದ್ದು, ಯಾವ ಯಾವ ಸಂಗತಿಗಳಿವೆ, ಅವುಗಳಿಗೆ ಒಂದಕ್ಕೊಂದು ಏನು ಸಂಬಂಧ ಎಂದು ಬರೆದುಕೊಡುವುದು. ಅದಕ್ಕೆ ಮಾಡೆಲ್ ಎನ್ನುತ್ತಾರೆ. ಅದು ಸರಿಯಾಗಿದ್ದರೆ ಮಾಹಿತಿ ತುಂಬುವ ಟೇಬಲ್ಲುಗಳೂ ಪುಟಗಳೂ ಹೆಚ್ಚು ಕಡಿಮೆ ತಾವಾಗಿಯೇ ಎದ್ದು ನಿಲ್ಲುತ್ತವೆ. ಹಸ್ನಾ ಎರಡು ಮಾಡೆಲ್ ಬರೆದಳು. ಒಂದು ಪ್ರಯಾಣಿಕರದ್ದು, ಇನ್ನೊಂದು ಪಾರ್ಸೆಲ್ಲುಗಳದ್ದು. ಪ್ರತಿ ಪಾರ್ಸೆಲ್ಲಿನ ಮುಂದೆ ‘ಒಯ್ಯುವವರು’ ಎಂದು ಒಂದು ಕಾಲಂ. ಉಮ್ಮ ಎರಡೇ ದಿನದಲ್ಲಿ ಫೋನಿನಲ್ಲಿ ಅದನ್ನು ಬಳಸಲು ಕಲಿತರು.

ಸೈಟು ಶುರುವಾದ ಮೂರನೆಯ ಭಾನುವಾರ ವೇಣೂರಿನಿಂದ ಶಶಿಪ್ರಭಾ ಬಂದರು. ಖದೀಜಮ್ಮನಿಗೆ ಅವರು ಕಾಲೇಜಿನ ಕಾಲದ ಗೆಳತಿ. ಅವರ ಮಗಳು ತೃಪ್ತಿಗೆ ಶಾರ್ಜಾದಲ್ಲಿ ಎರಡನೆಯ ಹೆರಿಗೆಯಾಗಿ ಹನ್ನೊಂದು ದಿನ. ತಾನೇ ಹೋಗಬೇಕೆಂದಿದ್ದವರಿಗೆ ಪಾಸ್‌ಪೋರ್ಟಿನ ಅವಧಿ ಮುಗಿದದ್ದು ತಡವಾಗಿ ಕಣ್ಣಿಗೆ ಬಿದ್ದಿತ್ತು. ಹಾಗಾಗಿ ಬಾಣಂತಿ ಲೇಹವನ್ನಾದರೂ ಕಳಿಸುವ ಆತುರ.

“ಎಷ್ಟುಂಟು?” ಎಂದು ಉಮ್ಮ ಕೇಳಿದರು.

“ಆರು ಕಿಲೋ.”

“ಆರು ಕಿಲೋ ಎಂತಕ್ಕೆ ಮಾರಾಯ್ತಿ? ಇಡೀ ಶಾರ್ಜಾಕ್ಕೆ ಹೆರಿಗೆಯಾ?”

“ತೃಪ್ತಿ ಒಬ್ಬಳೇ ತಿನ್ನುವುದು ಅಂತ ನಾನು ಹೇಳಿದೆನಾ? ಅಳಿಯನೂ ಡಬ್ಬಕ್ಕೆ ಕೈ ಹಾಕ್ತಾನೆ. ಕಳೆದ ಸಲ ನೋಡಿದ್ದೇನಲ್ಲ.” ಶಶಿಪ್ರಭಾ ನಕ್ಕರು. ಆಮೇಲೆ ನಗು ಇಳಿಸಿ ಹೇಳಿದರು, “ಹದಿನಾರನೇ ದಿನಕ್ಕೆ ಶುರು ಮಾಡ್ಬೇಕು ಖದೀಜ. ಕಳೆದ ಸಲ ತಡ ಆಗಿ ಅವಳಿಗೆ ಸೊಂಟ ನೋವು ಬಿಡ್ಲೇ ಇಲ್ಲ. ಬರುವ ಶುಕ್ರವಾರಕ್ಕೆ ಹದಿನಾರು. ಮೊದಲ ಎರಡು ಕಿಲೋ ಆಗ ಸಿಕ್ಕಿದರೆ ಸಾಕು, ಉಳಿದದ್ದು ನಿಧಾನಕ್ಕೆ ಹೋಗ್ಲಿ.”

ಉಮ್ಮ ಫೋನು ತೆಗೆದರು. ಶಾರ್ಜಾದಲ್ಲಿ ಕೆಲಸಕ್ಕಿದ್ದು ರಜೆಗೆ ಊರಿಗೆ ಬಂದಿದ್ದ ನವಾಝ್ ಗುರುವಾರ ಹೊರಡುವವರಿದ್ದರು, ಅವರಲ್ಲಿ ಎರಡು ಕಿಲೋ ಜಾಗವಿತ್ತು. ಬೆಳ್ತಂಗಡಿಯ ಚಿನ್ನಯ್ಯ, ಶಾರ್ಜಾದಲ್ಲಿ ಹೋಟೆಲು ಇಟ್ಟವರು, ಅವರು ಹೊರಡುವುದು ಇನ್ನು ಹನ್ನೆರಡು ದಿನಕ್ಕೆ. ಅವರು ನಾಲ್ಕು ಕಿಲೋ ಒಯ್ಯಬಲ್ಲರು. ಉಮ್ಮ ‘ಲೇಹ, ಆರು ಕಿಲೋ’ ಎಂದು ಬರೆದು ನವಾಝರ ಹೆಸರು ಆರಿಸಿ ಸೇವ್ ಒತ್ತಿದರು. ಮತ್ತೆ ಅದೇ ಪುಟ ತೆರೆದು ಚಿನ್ನಯ್ಯನ ಹೆಸರು ಆರಿಸಿ ಸೇವ್ ಒತ್ತಿದರು. ಎರಡು ಸಲವೂ ಹಸಿರು ಅಕ್ಷರದಲ್ಲಿ ‘ಉಳಿಸಲಾಗಿದೆ’ ಎಂದು ಬಂತು. ಚಹಾ ಸೋಸುತ್ತಿದ್ದ ಹಸ್ನಾ ಅಡುಗೆಮನೆಯ ಬಾಗಿಲಿನಿಂದಲೇ ಉಮ್ಮನ ಬೆರಳು ಓಡುವುದನ್ನು ನೋಡಿ ಹೆಮ್ಮೆಪಟ್ಟಳು.

“ಎಲ್ಲಿ ಕೊಡ್ಬೇಕು, ಯಾವಾಗ ಕೊಡ್ಬೇಕು ಅಂತ ನಿಮಗೆ ಮೆಸೇಜ್ ಬರ್ತದೆ ಆಂಟಿ,” ಎಂದಳು.

ರಾತ್ರಿ ಮೆಸೇಜ್ ಬಂತು. ಚಿನ್ನಯ್ಯ, ಬೆಳ್ತಂಗಡಿ, ತಾರೀಕು ಇಂತಿಷ್ಟು. ಇನ್ನೊಂದು ಬರಬಹುದೆಂದು ಶಶಿಪ್ರಭಾ ಕಾದರು. ಸೋಮವಾರ ಲೇಹ ಕುದಿಸಿದರು, ಮಂಗಳವಾರ ತಣಿಸಿ ಭರಣಿಗೆ ತುಂಬಿದರು, ಬುಧವಾರವೂ ಕಾದರು. ಕೆಲಸಕ್ಕೆ ಹೋಗುವ ಹುಡುಗಿಗೆ ಫೋನು ಮಾಡಿ ತೊಂದರೆ ಕೊಡುವುದು ಹೇಗೆ ಎಂಬ ದಾಕ್ಷಿಣ್ಯ. ಗುರುವಾರ ಬೆಳಿಗ್ಗೆ ಮೊದಲ ಎರಡು ಕಿಲೋದ ಭರಣಿಯನ್ನು ಬಟ್ಟೆಯ ಚೀಲದಲ್ಲಿಟ್ಟುಕೊಂಡು ಬಸ್ಸು ಹತ್ತಿ ಮೂಡುಬಿದಿರೆಗೆ ಬಂದು, ಬಸ್‌ಸ್ಟ್ಯಾಂಡಿನಲ್ಲಿ ಇಳಿದ ಮೇಲೆಯೇ ಫೋನು ಮಾಡಿದ್ದು.

“ಗಡಿಬಿಡಿಯಲ್ಲಿದ್ದೀಯಾ ಮಗಳೇ? ನವಾಝ್ ಎಲ್ಲಿ ಸಿಕ್ತಾರೆ ಅಂತ ಒಂದು ಮಾತು ಹೇಳಿದರೆ ನಾನು ಅಲ್ಲಿಗೇ ಹೋಗ್ತೇನೆ.”

ಹಸ್ನಾ ಸೈಟು ತೆರೆದಳು. ಲೇಹದ ಮುಂದೆ ಚಿನ್ನಯ್ಯ ಎಂದಿತ್ತು. ನವಾಝರ ಪುಟದಲ್ಲಿ ಲೇಹವೇ ಇರಲಿಲ್ಲ. ಅಲ್ಲಿ ಉಳಿದಿದ್ದ ಎರಡು ಕಿಲೋ ಜಾಗಕ್ಕೆ ಪುತ್ತಿಗೆಯ ರಾಫಿಯಾ ಮಂಗಳವಾರ ತಾನೇ ಸೈಟಿಗೆ ಹೋಗಿ ಅಣ್ಣನಿಗೆ ಕುಚ್ಚಲಕ್ಕಿ ಬರೆದಿಟ್ಟಿದ್ದಳು. ಉಮ್ಮ ತಪ್ಪು ಒತ್ತಿರಲಿಲ್ಲ. ಒಂದು ಪಾರ್ಸೆಲ್ಲಿಗೆ ಒಂದೇ ಹೆಸರು ಹಿಡಿಯುವಷ್ಟು ಜಾಗವನ್ನು ಇವಳೇ ಕೊಟ್ಟಿದ್ದಳು. ಎರಡನೆಯ ಹೆಸರು ಬಂದಾಗ ಮೊದಲನೆಯದು ಸದ್ದಿಲ್ಲದೆ ಎದ್ದುಹೋಗಿತ್ತು. ಗಂಟೆ ಹತ್ತೂವರೆ. ನವಾಝರ ವಿಮಾನ ಮೂರೂವರೆಗೆ.

ಅವಳು ನವಾಝರಿಗೆ ಫೋನು ಮಾಡಿದಳು.

“ನವಾಝಾಕ, ಹೊರಟಿರಾ?”

“ಹನ್ನೊಂದಕ್ಕೆ ಹೊರಡುವುದು. ಪೊಳಲಿ ದಾರಿಯಲ್ಲಿ. ಎಂತ ಸ್ವರ ಹೀಗೆ?”

ಹಸ್ನಾ ಸುತ್ತು ಬಳಸದೆ ಎಲ್ಲ ಹೇಳಿದಳು. ತನ್ನ ಸೈಟಿನ ತಪ್ಪು ಎಂದಳು.

“ಪೆಟ್ಟಿಗೆ ಮೂವತ್ತಕ್ಕೆ ಮೂವತ್ತು ಆಗಿದೆ ಮಾರಾಯ್ತಿ. ಹಗ್ಗ ಕೂಡ ಕಟ್ಟಿ ಆಯ್ತು.” ಮತ್ತೆ ಅವರೇ ಕೇಳಿದರು, “ಬಾಣಂತಿಗಾ?”

“ಹೌದು. ನಾಳೆಯಿಂದ ಶುರು ಮಾಡ್ಬೇಕಂತೆ.”

“ಹಾಗಾದ್ರೆ ಕೈಕಂಬಕ್ಕೆ ತನ್ನಿ. ನೋಡುವ.”

“ಯಾವ ಕೈಕಂಬ? ಬಿ.ಸಿ. ರೋಡಿನದ್ದಾ?”

“ನೀನು ಸೈಟು ಮಾಡಿದ್ದು ಹೌದಾ? ಗುರುಪುರದ್ದು. ವಿಮಾನ ಬಿ.ಸಿ. ರೋಡಿನಿಂದ ಹಾರ್ತದಾ?”

ಆಫೀಸಿನಲ್ಲಿ ಹಿರಿಯರಾದ ಸುಧಾಕರ ಇವಳ ಮುಖ ನೋಡಿ ಏನೆಂದು ಕೇಳಲಿಲ್ಲ. “ನಿನ್ನ ಕ್ಲೈಂಟ್ ಕಾಲು ನಾನು ತೆಗೊಳ್ತೇನೆ, ಹೋಗು,” ಎಂದಷ್ಟೇ ಹೇಳಿದರು. ಬಸ್‌ಸ್ಟ್ಯಾಂಡಿನಲ್ಲಿ ಶಶಿಪ್ರಭಾ ಭರಣಿಯನ್ನು ಮಗುವಿನಂತೆ ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದರು. ಮಂಗಳೂರಿನ ಬಸ್ಸಿನಲ್ಲಿ ಹಸ್ನಾ ಮತ್ತೆ ಮತ್ತೆ ಕ್ಷಮಿಸಿ ಎಂದಳು.

“ನಿನ್ನದು ಎಂತ ತಪ್ಪು? ನಾನೂ ನಿನ್ನೆಯೇ ಫೋನು ಮಾಡ್ಬಹುದಿತ್ತು,” ಎಂದರು ಶಶಿಪ್ರಭಾ. ಆದರೆ ಬಸ್ಸು ಪ್ರತಿ ಸ್ಟಾಪಿನಲ್ಲಿ ನಿಂತಾಗಲೂ ಅವರ ಕಣ್ಣು ಗಡಿಯಾರಕ್ಕೆ ಹೋಗುತ್ತಿತ್ತು.

ಕೈಕಂಬದಲ್ಲಿ ನವಾಝ್ ಆಗಲೇ ಕಾರಿನ ಡಿಕ್ಕಿ ತೆರೆದು, ಒಂದು ದಿನಸಿ ಅಂಗಡಿಯ ಬದಿಯಲ್ಲಿ ನಿಂತಿದ್ದರು. ಕಟ್ಟಿದ ಹಗ್ಗ ಬಿಚ್ಚಿತ್ತು. ಪೆಟ್ಟಿಗೆಯ ಪಕ್ಕದಲ್ಲಿ ಒಂದು ಹೊಸ ಇಸ್ತ್ರಿಪೆಟ್ಟಿಗೆ, ಒಂದು ಜೊತೆ ಬೂಟು.

“ಇದೆಂತ?” ಎಂದಳು ಹಸ್ನಾ.

“ನನ್ನದೇ. ರೂಮಿನಲ್ಲಿ ಹಳೇ ಇಸ್ತ್ರಿ ಒಂದುಂಟು. ಬಟ್ಟೆಗಿಂತ ಕೈಯನ್ನು ಚೆನ್ನಾಗಿ ಸುಡ್ತದೆ, ಆದರೂ ಉಂಟು. ರಾಫಿಯಾಳ ಅಕ್ಕಿ ತೆಗೆಯುವುದು ಹೇಗೆ, ಒಪ್ಪಿಕೊಂಡು ಆಗಿದೆ.”

ಅಂಗಡಿಯವನು ಕೇಳದೆಯೇ ತಕ್ಕಡಿಯ ಮೇಲಿದ್ದ ಬೆಲ್ಲ ಇಳಿಸಿ ಜಾಗ ಮಾಡಿದ. ಇಸ್ತ್ರಿಯೂ ಬೂಟೂ ಸೇರಿ ಎರಡು ಕಿಲೋ ಮುನ್ನೂರು. ಭರಣಿ ಎರಡೂವರೆ.

“ಭರಣಿಯದ್ದೇ ತೂಕ,” ಎಂದ ಅಂಗಡಿಯವನು. ಒಳಗಿನಿಂದ ಮುಚ್ಚಳ ಬಿಗಿಯಾಗುವ ಒಂದು ಪ್ಲಾಸ್ಟಿಕ್ ಡಬ್ಬ ತಂದುಕೊಟ್ಟ. ಮೂವರೂ ಅಂಗಡಿಯ ಬೆಂಚಿನ ಮೇಲೆ ಲೇಹ ತುಂಬಿದರು. ಕಾಳುಮೆಣಸು, ಒಣಶುಂಠಿ, ತುಪ್ಪದ ವಾಸನೆ ರಸ್ತೆಯವರೆಗೂ ಹೋಯಿತು. ಈಗ ಸರಿಯಾಗಿ ಎರಡು ಕಿಲೋ ನೂರು. ಮುಚ್ಚುವ ಮೊದಲು ಶಶಿಪ್ರಭಾ ಚಮಚದಲ್ಲಿ ಸ್ವಲ್ಪ ತೆಗೆದು ತಾನು ತಿಂದರು, ಇನ್ನೊಂದು ಚಮಚ ನವಾಝರ ಮುಂದೆ ಹಿಡಿದರು.

“ಬೇಡ ಅಕ್ಕ, ನಿಮ್ಮ ಮೇಲೆ ನನಗೆ ಸಂಶಯವಾ?”

“ಕ್ರಮ ಅಂದ್ರೆ ಕ್ರಮ. ತಿನ್ನಿ.”

ನವಾಝ್ ತಿಂದರು. ಖಾರ ಮೂಗಿಗೆ ಹತ್ತಿ ಕಣ್ಣಲ್ಲಿ ನೀರು ಬಂತು. “ನನಗೆ ಹೆರಿಗೆ ಆಗ್ಲಿಲ್ಲ ಅಕ್ಕ,” ಎಂದು ಕೆಮ್ಮಿದರು. ಶಶಿಪ್ರಭಾ ಅಂದು ಮೊದಲ ಸಲ ನಕ್ಕರು. ಹಸ್ನಾ ಇಸ್ತ್ರಿಪೆಟ್ಟಿಗೆಯನ್ನೂ ಬೂಟನ್ನೂ ಚೀಲಕ್ಕೆ ಹಾಕಿಕೊಂಡಳು, ಅವರ ಮನೆಗೆ ಮುಟ್ಟಿಸುವುದಕ್ಕೆ.

ಸಂಜೆ ಮನೆಗೆ ಬಂದವಳೇ ಅವಳು ಲ್ಯಾಪ್‌ಟಾಪ್ ತೆರೆದಳು. ಒಂದು ಪಾರ್ಸೆಲ್ಲಿಗೆ ಹಲವು ಪ್ರಯಾಣಿಕರು, ಒಬ್ಬ ಪ್ರಯಾಣಿಕನಿಗೆ ಹಲವು ಪಾರ್ಸೆಲ್ಲು. ಇದಕ್ಕೆ ಅವಳ ಫ್ರೇಮ್‌ವರ್ಕಿನಲ್ಲಿ ಒಂದೇ ಸಾಲಿನ ಉಪಾಯವಿದೆ. ‘ಮೆನಿ ಟು ಮೆನಿ’ ಎಂದು ಬರೆದರೆ ಸಾಕು, ಎರಡು ಟೇಬಲ್ಲುಗಳ ನಡುವೆ ಮೂರನೆಯದೊಂದನ್ನು ಅದೇ ಕಟ್ಟಿಕೊಳ್ಳುತ್ತದೆ. ಆದರೆ ಹಾಗೆ ಕಟ್ಟಿದ ಟೇಬಲ್ಲಿಗೆ ಗೊತ್ತಿರುವುದು ಯಾವ ಪಾರ್ಸೆಲ್ಲು, ಯಾವ ಪ್ರಯಾಣಿಕ ಎಂಬ ಎರಡೇ ಸಂಗತಿ. ನವಾಝರು ಒಯ್ದ ಎರಡು ಕಿಲೋವನ್ನು ಎಲ್ಲಿ ಬರೆಯುವುದು? ಪಾರ್ಸೆಲ್ಲಿನ ಮುಂದೆ ಬರೆದರೆ ಸುಳ್ಳು, ಲೇಹ ಒಟ್ಟು ಆರು ಕಿಲೋ. ನವಾಝರ ಮುಂದೆ ಬರೆದರೂ ಸುಳ್ಳು, ಅವರ ಪೆಟ್ಟಿಗೆಯಲ್ಲಿ ಇತರರದ್ದೂ ಉಂಟು.

“ಉಮ್ಮ, ಒಬ್ಬರ ಪಾರ್ಸೆಲ್ ಇಬ್ಬರು ಒಯ್ದರೆ ನೀವು ಹೇಗೆ ಬರೀತಿದ್ರಿ?”

ಉಮ್ಮ ಕಪಾಟಿನಿಂದ ನೋಟ್‌ಬುಕ್ ತಂದು ಮಧ್ಯದಲ್ಲೊಂದು ಪುಟ ಬಿಡಿಸಿದರು. ಎಡಗಡೆ ಹೊರಡುವವರ ಹೆಸರು, ಬಲಗಡೆ ಪಾರ್ಸೆಲ್ಲುಗಳು, ನಡುವೆ ಓರೆಯಾಗಿ ಪೆನ್ಸಿಲಿನ ಗೆರೆಗಳು. ಒಬ್ಬರಿಂದ ನಾಲ್ಕು ಗೆರೆ ಹೊರಟಿದ್ದವು, ಒಂದು ಪಾರ್ಸೆಲ್ಲಿಗೆ ಮೂರು ಬಂದು ಸೇರಿದ್ದವು. ಪ್ರತಿ ಗೆರೆಯ ಮೇಲೆ ಇರುವೆಯಂಥ ಅಕ್ಷರ: ಒಂದೂವರೆ ಕಿಲೋ, ಬಿ.ಸಿ. ರೋಡಿನಲ್ಲಿ ಕೊಡುವುದು, ಅಲ್ಲಿ ನಿಝಾರ್ ಬಂದು ತೆಗೆದುಕೊಳ್ಳುವುದು.

ಹಸ್ನಾ ಬಹಳ ಹೊತ್ತು ನೋಡಿದಳು. “ಇದನ್ನು ನನಗೆ ಹೇಳ್ಬಾರ್ದಿತ್ತಾ?”

“ಹೆಸರು ಓದಿ ಅಂದೆ ನೀನು, ನಾನು ಓದಿದೆ. ಪಾರ್ಸೆಲ್ ಓದಿ ಅಂದೆ, ಓದಿದೆ. ನೀನು ಟೈಪ್ ಮಾಡಿದೆ. ಗೆರೆಯನ್ನು ಓದುವುದು ಹೇಗೆ ಮಗಳೇ?” ಉಮ್ಮ ಪುಟ ಸವರಿದರು. “ನೀನು ಕಲಿತವಳು, ಗೆರೆ ಬೇಡದ ಹಾಗೆ ಮಾಡಿದ್ದೀಯ ಅಂತ ನಾನು ತಿಳ್ಕೊಂಡೆ.”

ಹಸ್ನಾ ಮೂರನೆಯ ಮಾಡೆಲ್ಲನ್ನು ತಾನೇ ಬರೆದಳು. ಪಾರ್ಸೆಲ್ಲೂ ಅಲ್ಲ, ಪ್ರಯಾಣಿಕನೂ ಅಲ್ಲ, ಅವೆರಡರ ನಡುವಿನ ಗೆರೆ. ಅದರಲ್ಲಿ ಎಷ್ಟು ಕಿಲೋ, ಎಲ್ಲಿ ಕೊಡುವುದು, ಯಾರು ತೆಗೆದುಕೊಳ್ಳುವುದು, ತಲುಪಿತೋ ಇಲ್ಲವೋ. ಹೆಸರೇನಿಡುವುದೆಂದು ಯೋಚಿಸಿ ‘ಗೆರೆ’ ಎಂದೇ ಇಟ್ಟಳು. ಹಳೆಯ ಕಾಲಮ್ಮಿನಲ್ಲಿದ್ದ ಹೆಸರುಗಳನ್ನೆಲ್ಲ ಹೊಸ ಟೇಬಲ್ಲಿಗೆ ಸಾಗಿಸಿ, ಲೇಹಕ್ಕೆ ಎರಡು ಗೆರೆ ಎಳೆದಳು. ನವಾಝ್, ಎರಡು ಕಿಲೋ. ಚಿನ್ನಯ್ಯ, ನಾಲ್ಕು. ಒಂದು ಹೆಸರು ಬಂದರೆ ಇನ್ನೊಂದು ಹೋಗಲಿಲ್ಲ. ಉಮ್ಮನ ಕೈಯಿಂದಲೇ ನಾಲ್ಕು ಸಲ ಸೇವ್ ಒತ್ತಿಸಿ ನೋಡಿದಳು.

“ಸಾಕಾ?” ಎಂದರು ಉಮ್ಮ.

“ಇನ್ನೊಮ್ಮೆ.”

ಮೊದಲ ಗೆರೆಯಲ್ಲಿ ‘ಯಾರು ತೆಗೆದುಕೊಳ್ಳುವುದು’ ಎಂಬ ಜಾಗ ಮಾತ್ರ ಖಾಲಿ ಉಳಿಯಿತು. ಅವಸರದಲ್ಲಿ ಅದರ ಬಗ್ಗೆ ಯಾರೂ ಮಾತಾಡಿರಲಿಲ್ಲ. ನವಾಝರಿಗೆ ತೃಪ್ತಿಯ ನಂಬರು ಕಳಿಸಿದ್ದಳು, ಅಷ್ಟೇ. ಅಳಿಯನಿಗೆ ರಜೆ ಇದೆಯೋ ಇಲ್ಲವೋ. ಡಬ್ಬ ಶಾರ್ಜಾ ತಲುಪಿಯೂ ನವಾಝರ ಮಂಚದ ಕೆಳಗೆ ಎರಡು ದಿನ ಕೂತರೆ? ಅದೇ ಯೋಚನೆ ಮರುದಿನ ಬಸ್ಸಿನಲ್ಲೂ ಅವಳ ಜೊತೆಗೆ ಮೂಡುಬಿದಿರೆಯವರೆಗೆ ಬಂತು.

ಹನ್ನೊಂದರ ಹೊತ್ತಿಗೆ ಶಶಿಪ್ರಭಾರ ಫೋನು ಬಂತು. ಈ ಸಲ ಗಡಿಬಿಡಿಯಲ್ಲಿದ್ದೀಯಾ ಎಂದು ಕೇಳಲಿಲ್ಲ.

“ತಿಂದಳು ಮಗಳೇ. ವೀಡಿಯೋದಲ್ಲಿ ನನ್ನೆದುರೇ ತಿಂದಳು. ಮುಖ ನೋಡ್ಬೇಕಿತ್ತು, ಹಾಗಲಕಾಯಿ ಕೂಡ ಅಷ್ಟು ಸೊಟ್ಟ ಇರ್ಲಿಕ್ಕಿಲ್ಲ.”

“ತೆಗೊಂಡು ಹೋದದ್ದು ಯಾರು ಆಂಟಿ? ಅಳಿಯನಾ?”

“ಇಲ್ಲ. ನವಾಝರೇ ಬೆಳಿಗ್ಗೆ ಕೆಲಸಕ್ಕೆ ಹೋಗುವ ಮೊದಲು ಟ್ಯಾಕ್ಸಿ ಮಾಡ್ಕೊಂಡು ಬಂದು ಬಾಗಿಲಲ್ಲಿ ಕೊಟ್ಟು ಹೋದರಂತೆ. ಒಳಗೆ ಬನ್ನಿ ಅಂದರೆ, ಮಗು ಮಲಗಿದೆ, ಬೇಡ ಅಂದರಂತೆ. ಇನ್ನು ಚಿನ್ನಯ್ಯಣ್ಣನದ್ದಕ್ಕೆ ಎಂತ ಅವಸರ ಇಲ್ಲ. ನೀನು ತಿಂಡಿ ತಿಂದಿದ್ದೀಯಾ?”

ತಿಂದಿದ್ದೇನೆ ಎಂದು ಹಸ್ನಾ ಸುಳ್ಳು ಹೇಳಿದಳು. ಫೋನು ಇಟ್ಟು ಸೈಟು ತೆರೆದು, ಲೇಹದ ಮೊದಲ ಗೆರೆಯಲ್ಲಿ ತೆಗೆದುಕೊಂಡವರ ಜಾಗಕ್ಕೆ ‘ತೃಪ್ತಿ, ಮನೆ ಬಾಗಿಲಲ್ಲಿ’ ಎಂದು ಬರೆದು ‘ತಲುಪಿದೆ’ ಎಂದು ಗುರುತು ಹಾಕಿದಳು. ಎರಡನೆಯ ಗೆರೆ ಇನ್ನೂ ಬೆಳ್ತಂಗಡಿಯಲ್ಲೇ ಕಾಯುತ್ತಿತ್ತು. ಅದನ್ನು ಹಾಗೆಯೇ ಬಿಟ್ಟು ಕ್ಯಾಂಟೀನಿನ ಕಡೆ ನಡೆದಳು.