ಹದಿನೆಂಟು ತೋಳುಗಳ ಕಪ್ಪು

ಮಂಗಳವಾರ ಸಂಜೆ ಎರ್ಮೆಲಿಂದಾ ಬೆಕೊರಾ ಬಡಾವಣೆಯ ಒಂದು ಮನೆಯ ಬಾಗಿಲು ತಟ್ಟಿದಾಗ ಅವಳ ಕೈಯಲ್ಲಿ ಒಂದು ಕೆಂಪು ಅಂಗಿ ಇತ್ತು. ಬೆನ್ನ ಮೇಲೆ ನಾಲ್ಕನೇ ನಂಬರು. ಆ ಪುಟ್ಟ ದ್ವೀಪದೇಶದ ಹೆಣ್ಣುಮಕ್ಕಳ ಫುಟ್‌ಬಾಲ್ ತಂಡ ಸ್ವಂತ ನೆಲದಲ್ಲಿ, ಸ್ವಂತ ಜನರ ಕಣ್ಣೆದುರು ಆಡಲಿದ್ದ ಮೊದಲ ಪಂದ್ಯ ಶನಿವಾರ ರಾಜಧಾನಿ ದಿಲಿಯಲ್ಲಿತ್ತು. ಅಂಗಿ ಆ ಮನೆಯ ಮಗಳು ಜುಲ್ಮೀರಾಳದು. ಹತ್ತೊಂಬತ್ತರ ಹುಡುಗಿ, ಗೋಲಿನ ಮುಂದೆ ಗೋಡೆಯ ಹಾಗೆ ನಿಲ್ಲುವವಳು. ಆ ಜಾಗಕ್ಕೆ ತಂಡದಲ್ಲಿ ಎರಡನೆಯವಳು ಇರಲಿಲ್ಲ.

ತೊಡಕಿದ್ದುದು ಬಣ್ಣದಲ್ಲಿ. ಜುಲ್ಮೀರಾಳ ತಂದೆ ಅಗಾಪಿತೊ ತೀರಿಕೊಂಡು ಇನ್ನೂ ವರ್ಷ ತುಂಬಿರಲಿಲ್ಲ. ವರ್ಷ ತುಂಬುವವರೆಗೆ ಹೆಂಡತಿ ಮಕ್ಕಳು ಕಪ್ಪು ಬಿಟ್ಟು ಬೇರೆ ತೊಡುವಂತಿಲ್ಲ. ತುಂಬಿದ ದಿನ ಚರ್ಚಿನಲ್ಲಿ ಪೂಜೆ ಮುಗಿಸಿ, ಸಮಾಧಿಗೆ ಹೂವಿಟ್ಟು, ಮೈಮೇಲಿನ ಕಪ್ಪನ್ನು ಬಿಚ್ಚಿಸಿಕೊಳ್ಳಬೇಕು. ಆಮೇಲೆ ಊಟ, ಹಾಡು, ಕುಣಿತ ಎಲ್ಲ ಉಂಟು. ಆ ದಿನಕ್ಕೆ ಇನ್ನೂ ಹದಿನೈದು ದಿನಗಳಿದ್ದವು. ಅಭ್ಯಾಸಕ್ಕೆ ವರ್ಷವಿಡೀ ಜುಲ್ಮೀರಾ ಕಪ್ಪು ಬನಿಯನ್ನಿನಲ್ಲೇ ಬಂದಿದ್ದಳು. ಅಭ್ಯಾಸ ಕೆಲಸವಿದ್ದ ಹಾಗೆ, ಯಾರೂ ಆಕ್ಷೇಪಿಸಿರಲಿಲ್ಲ. ಡೋಲು ಬಾರಿಸುವ ಕ್ರೀಡಾಂಗಣದಲ್ಲಿ, ಕೆಂಪು ತೊಟ್ಟು ಆಡುವ ಮಾತು ಬೇರೆ.

"ಕೆಂಪಾ?" ಎಂದ ಗಾಸ್ಪರ್. ಅಗಾಪಿತೊನ ತಮ್ಮ. ಎಲೆ ಅಡಿಕೆ ಜಗಿಯುತ್ತ ಬಾಗಿಲಲ್ಲೇ ಕೂತಿದ್ದ. "ನಮ್ಮಣ್ಣನ ಮಗಳು ಕೆಂಪು ಹಾಕ್ಕೊಂಡು ಊರೆಲ್ಲ ನೋಡೋ ಹಾಗೆ ಓಡಾಡ್ಬೇಕಾ? ಟೀಚರಮ್ಮ, ನಿಮಗಾದ್ರೂ ತಿಳಿಯೋದಿಲ್ವಾ?"

"ನಿಮ್ಮ ಬಾಯಿ ಏನು ಕಪ್ಪಗಿದೆಯಾ ಚಿಕ್ಕಪ್ಪ?" ಎಂದಳು ಜುಲ್ಮೀರಾ ಒಳಗಿನಿಂದ.

"ಸುಮ್ನಿರೇ," ಎಂದಳು ತಾಯಿ ಬೆರ್ತಾ. ಅವಳು ಬಹಳ ಹೊತ್ತು ಅಂಗಿಯನ್ನು ತೊಡೆಯ ಮೇಲಿಟ್ಟುಕೊಂಡು ನೋಡಿದಳು. "ಟೀಚರ್, ನಾನು ಬೇಡ ಅನ್ನಲ್ಲ. ಅವಳಪ್ಪ ಇದ್ದಿದ್ರೆ ತಾನೇ ಕರ್ಕೊಂಡು ಹೋಗ್ತಿದ್ದ. ಆದ್ರೆ ಕಪ್ಪು ಅವಳ ಮೈಬಿಟ್ಟು ಹೋಗ್ಬಾರದು. ಒಂದು ಗಳಿಗೆನೂ ಹೋಗ್ಬಾರದು. ಒಂದು ಚೂರು ಇದ್ರೂ ಸಾಕು."

"ಇರುತ್ತೆ. ನನ್ನ ಮಾತು," ಎಂದಳು ಎರ್ಮೆಲಿಂದಾ.

ಹುಡುಗಿಯರೆಲ್ಲ ಲಿಂದಕ್ಕ ಎಂದು ಕರೆಯುತ್ತಿದ್ದ ಈ ಹೆಂಗಸು ಇಪ್ಪತ್ತೆರಡು ವರ್ಷ ಶಾಲೆಯಲ್ಲಿ ಆಟದ ಟೀಚರಾಗಿದ್ದು, ಈಗ ತಂಡದ ಮ್ಯಾನೇಜರ್. ಸುಳ್ಳು ಬರೆಯುವವಳಲ್ಲ, ಕೊಟ್ಟ ಮಾತು ಬಿಡುವವಳೂ ಅಲ್ಲ. ಕಪ್ಪು ಚೂರನ್ನು ಪಿನ್ನಿನಲ್ಲಿ ಚುಚ್ಚಿದರೆ ರೆಫರಿ ತೆಗೆಸುತ್ತಾನೆಂದು ಗೊತ್ತಿದ್ದ ಅವಳು ಅಂದೇ ಕೂತು ಹೆಬ್ಬೆರಳಿನಷ್ಟು ಕಪ್ಪು ಬಟ್ಟೆಯನ್ನು ಅಂಗಿಯ ಎಡ ಎದೆಗೆ ಸಣ್ಣ ಹೊಲಿಗೆ ಹಾಕಿ ಹೊಲಿದಳು. ನಿಯಮದ ಪುಸ್ತಕವನ್ನು ಪಿನ್ನಿನ ಪುಟದವರೆಗೆ ಓದಿ ಮುಚ್ಚಿಟ್ಟದ್ದೇ ಅವಳ ತಪ್ಪಾಯಿತು.

ಶನಿವಾರ ಎರಡೂ ಕಾಲಿಗೆ ಪಂದ್ಯದ ಆಯುಕ್ತರು ಅಂಗಿಗಳನ್ನು ಪರೀಕ್ಷಿಸಲು ಬಂದರು. ಬೇರೆ ದೇಶದವರು, ವಯಸ್ಸಾದವರು, ಕನ್ನಡಕವನ್ನು ಹಣೆಗೇರಿಸಿ ಓದುವವರು. ನಾಲ್ಕನೇ ನಂಬರಿನ ಹತ್ತಿರ ನಿಂತರು.

"ಇದೇನು?"

ಲಿಂದಕ್ಕ ಹೇಳಿದಳು.

"ಕ್ಷಮಿಸಿ. ಒಬ್ಬಳ ಅಂಗಿಯ ಮೇಲೆ ಬೇರೆ ಗುರುತು ಇರುವಂತಿಲ್ಲ. ತೋಳಿಗೆ ಕಪ್ಪು ಪಟ್ಟಿ ಕಟ್ಟಬಹುದು. ಆದರೆ ಕಟ್ಟಿದರೆ ಇಡೀ ತಂಡ ಕಟ್ಟಬೇಕು. ಯಾರ ನೆನಪಿಗೆ, ಯಾಕೆ ಅಂತ ಬರೆದು ಕೊಡಬೇಕು. ಮೂರೂ ಕಾಲರ ಒಳಗೆ."

ಅವರು ಹೋದ ಮೇಲೆ ಜುಲ್ಮೀರಾ ಬೂಟಿನ ದಾರ ಬಿಚ್ಚತೊಡಗಿದಳು.

"ನಾನು ಕೂತ್ಕೋತೀನಿ ಲಿಂದಕ್ಕ. ಇದನ್ನ ದೊಡ್ಡದು ಮಾಡ್ಬೇಡಿ."

"ಹೂಂ, ಕೂತ್ಕೋ ಮಹಾರಾಣಿ," ಎಂದಳು ನಾಯಕಿ ಬ್ರಿಜಿದಾ. "ಅವರ ಒಂಬತ್ತನೇ ನಂಬರನ್ನ ಯಾರು ಹಿಡಿಯೋದು? ನಿಮ್ಮ ಚಿಕ್ಕಪ್ಪನಾ?"

ಯಾರೋ ನಕ್ಕರು. ಜುಲ್ಮೀರಾ ನಗಲಿಲ್ಲ. "ಅಮ್ಮನಿಗೆ ಮಾತು ಕೊಟ್ಟಾಗಿದೆ ಕಣೇ."

"ಮಾತು ಕೊಟ್ಟಿದ್ದು ನಾನು," ಎಂದಳು ಲಿಂದಕ್ಕ. "ಬೂಟು ಕಟ್ಕೋ."

ಬ್ರಿಜಿದಾ ತನ್ನ ಎಡ ತೋಳನ್ನು ಮುಂದೆ ಚಾಚಿದಳು. "ಕಟ್ಟಿ. ಇವಳಪ್ಪನ ಮೈಕ್ರೊಲೆಟ್‌ನಲ್ಲಿ ಎರಡು ವರ್ಷ ಬಿಟ್ಟಿ ಓಡಾಡಿದೀನಿ ನಾನು."

ಅದು ನಿಜ. ಅಗಾಪಿತೊ ಹತ್ತನೇ ನಂಬರಿನ ಮಾರ್ಗದಲ್ಲಿ ಮೈಕ್ರೊಲೆಟ್ ಎಂಬ ಪುಟ್ಟ ಬಾಡಿಗೆ ವ್ಯಾನು ಓಡಿಸುತ್ತಿದ್ದ. ಮಧ್ಯಾಹ್ನದ ಸರದಿ ಮುಗಿದ ಮೇಲೆ ಬಾಗಿಲಿಗೆ ಜೋತುಬಿದ್ದವರೂ ಸೇರಿ ಹದಿನಾರು ಹುಡುಗಿಯರನ್ನು ಹತ್ತು ಜನರ ಗಾಡಿಯಲ್ಲಿ ತುಂಬಿಕೊಂಡು ಮೈದಾನಕ್ಕೆ ಬಿಡುತ್ತಿದ್ದ. ಒಬ್ಬೊಬ್ಬಳಾಗಿ ಎಲ್ಲರೂ ತೋಳು ಚಾಚಿದರು. ಕಳೆದ ತಿಂಗಳಷ್ಟೇ ತಂಡ ಸೇರಿದ್ದ ಮೀಸಲು ಗೋಲ್‌ಕೀಪರ್ ಸುತ್ತ ನೋಡಿ, "ನಾನು ಅವರನ್ನ ನೋಡೇ ಇಲ್ವಲ್ಲ?" ಎಂದಳು.

"ನೋಡದೆ ಇದ್ದಿದ್ದು ನಿನ್ನ ಪುಣ್ಯ. ಬ್ರೇಕ್ ಹಾಕಿದ್ರೆ ಹಿಂದಿನವರು ಮುಂದಿನವರ ಮಡಿಲಲ್ಲಿ ಇರ್ತಿದ್ವಿ. ಚಾಚೇ ಕೈನ," ಎಂದಳು ಬ್ರಿಜಿದಾ.

ತೋಳುಗಳು ಹದಿನೆಂಟು ಸಿಕ್ಕವು, ಬಟ್ಟೆ ಮಾತ್ರ ಇರಲಿಲ್ಲ. ಲಿಂದಕ್ಕ ಔಷಧಿ ಪೆಟ್ಟಿಗೆಯಿಂದ ಕತ್ತರಿ ತೆಗೆದುಕೊಂಡು ಗೇಟಿನ ಹೊರಗೆ ಓಡಿದಳು.

ಸೂತಕದವರು ಡೋಲಿನ ಸದ್ದಿರುವಲ್ಲಿಗೆ ಬರುವುದಿಲ್ಲವಾದ್ದರಿಂದ ಬೆರ್ತಾ ಒಳಗೆ ಬಂದಿರಲಿಲ್ಲ. ರಸ್ತೆಯಾಚೆ ಎಳನೀರು ಗಾಡಿಯ ನೆರಳಲ್ಲಿ ಗಾಸ್ಪರನ ಜೊತೆ ಕೂತಿದ್ದಳು. ತಲೆಯಿಂದ ಮೊಣಕಾಲಿನವರೆಗೆ ದೊಡ್ಡ ಕಪ್ಪು ಶಾಲು ಹೊದ್ದಿದ್ದಳು. ಲಿಂದಕ್ಕ ನಡೆದದ್ದನ್ನು ಹೇಳಿ, ಕತ್ತರಿ ಹಿಡಿದೇ ಶಾಲಿನ ಕಡೆ ನೋಡಿದಳು.

ಗಾಸ್ಪರನಿಗೆ ಅರ್ಥವಾಯಿತು. "ದಿನ ಬರೋಕೆ ಮುಂಚೆ ಸೂತಕದ ಬಟ್ಟೆಗೆ ಕತ್ತರಿ ಹಾಕ್ತಾರಾ? ಅತ್ತಿಗೆ, ಇದು ಆಗೋ ಮಾತಲ್ಲ."

ಬೆರ್ತಾ ಲಿಂದಕ್ಕನನ್ನೇ ನೋಡುತ್ತಿದ್ದಳು. "ಎಷ್ಟು ಜನ?"

"ಹದಿನೆಂಟು."

"ಎಲ್ಲರೂ ಕಟ್ಕೋತಾರಾ? ಅವರಾಗೇ ಒಪ್ಪಿದ್ರಾ?"

"ಅವರಾಗೇ."

"ನಾನೇನು ಬಿಚ್ತಾ ಇಲ್ವಲ್ಲ ಗಾಸ್ಪರ್," ಎಂದಳು ಬೆರ್ತಾ. "ಇನ್ನಷ್ಟು ಜನಕ್ಕೆ ಹೊದಿಸ್ತಾ ಇದೀನಿ." ಶಾಲು ತೆಗೆದು ಮಡಿಸಿ ಕೊಟ್ಟಳು. ಒಳಗೆ ಅವಳ ರವಿಕೆಯೂ ಲಂಗವೂ ಕಪ್ಪೇ. "ಆದ್ರೆ ಟೀಚರ್, ಕಟ್ಕೊಂಡವರು ದಿನ ಬರೋವರೆಗೆ ಬಿಚ್ಚೋ ಹಾಗಿಲ್ಲ. ಆಟ ಮುಗೀತು ಅಂತ ಕಸದ ಬುಟ್ಟಿಗೆ ಹಾಕಿದ್ರೆ ನಾನು ಸುಮ್ನಿರಲ್ಲ. ಆ ದಿನ ಹದಿನೆಂಟೂ ಜನ ನಮ್ಮನೆಗೆ ಬರ್ಬೇಕು. ನನ್ನ ಕೈಯಲ್ಲೇ ಬಿಚ್ಚಿಸ್ಕೋಬೇಕು."

"ಬರ್ತಾರೆ."

"ಒಂದು ಹಂದಿ ಸಾಲೋದಿಲ್ಲ," ಎಂದ ಗಾಸ್ಪರ್ ಆಕಾಶ ನೋಡುತ್ತ.

ಮೂರು ಗಂಟೆಗೆ ಲಿಂದಕ್ಕ ಆಯುಕ್ತರ ಮೇಜಿನ ಮುಂದಿದ್ದಳು. ಅರ್ಜಿಯಲ್ಲಿ ಮೃತರ ಹೆಸರಿನ ಕೆಳಗೆ ಹುದ್ದೆ ಎಂಬ ಜಾಗವಿತ್ತು. ಅಲ್ಲಿ ಸಾಮಾನ್ಯವಾಗಿ ಅಧ್ಯಕ್ಷ, ಕಾರ್ಯದರ್ಶಿ ಎಂದು ಬರೆಯುತ್ತಾರೆಂಬುದು ಅವಳಿಗೆ ಗೊತ್ತಿತ್ತು. ತಂಡದ ಅಧಿಕಾರಿ ಎಂದು ಬರೆದುಬಿಟ್ಟರೆ ಪ್ರಶ್ನೆಯೇ ಬರುತ್ತಿರಲಿಲ್ಲ. ಪೆನ್ನು ಒಂದು ಕ್ಷಣ ನಿಂತಿತು. ಆಮೇಲೆ ಬರೆದಳು: ಮೈಕ್ರೊಲೆಟ್ ಚಾಲಕ, ಹತ್ತನೇ ನಂಬರ್.

ಆಯುಕ್ತರು ಕನ್ನಡಕವನ್ನು ಹಣೆಗೇರಿಸಿದರು. "ತಂಡದ ನೌಕರರೇ?"

"ಅಲ್ಲ. ಆಟಗಾರ್ತಿಯೊಬ್ಬಳ ತಂದೆ. ಎರಡು ವರ್ಷ ಹುಡುಗಿಯರನ್ನ ಅಭ್ಯಾಸಕ್ಕೆ ಬಿಟ್ಟವರು. ಸಂಬಳ ಇಲ್ಲ, ಹುದ್ದೆ ಇಲ್ಲ."

"ನನ್ನ ಇಪ್ಪತ್ತು ವರ್ಷದಲ್ಲಿ ಇಂಥದ್ದು ನೋಡಿಲ್ಲ."

"ನಾವೂ ನಮ್ಮ ನೆಲದಲ್ಲಿ ಮೊದಲ ಸಲ ಆಡ್ತಾ ಇರೋದು," ಎಂದಳು ಲಿಂದಕ್ಕ.

ಅವರು ಇನ್ನೊಮ್ಮೆ ಓದಿ ಸಹಿ ಹಾಕಿದರು. ಗಡಿಯಾರ ಮೂರು ಹನ್ನೊಂದು ತೋರಿಸುತ್ತಿತ್ತು.

ನಾಲ್ಕು ಗಂಟೆಗೆ ತಂಡಗಳು ಸಾಲಾಗಿ ನಿಂತಾಗ ಧ್ವನಿವರ್ಧಕದವನು ಅರ್ಜಿಯಲ್ಲಿ ಇದ್ದದ್ದನ್ನು ಇದ್ದಂತೆಯೇ ಓದಿದ. ಹತ್ತನೇ ನಂಬರ್ ಎಂದದ್ದೇ ಗ್ಯಾಲರಿಯ ಮೂಲೆಯಲ್ಲಿ ಕೂತಿದ್ದ ಮೈಕ್ರೊಲೆಟ್ ಚಾಲಕರು ಎದ್ದು ನಿಂತರು. ಡೋಲಿನವರು ತಾವಾಗಿಯೇ ನಿಲ್ಲಿಸಿದರು. ಗೇಟಿನಾಚೆಗೂ ಆ ಹೆಸರು ಕೇಳಿಸಿರಬೇಕು. ಲಿಂದಕ್ಕ ತಿರುಗಿ ನೋಡಲಿಲ್ಲ. ಅವಳ ಕಣ್ಣು ನಾಲ್ಕನೇ ನಂಬರಿನ ಮೇಲಿತ್ತು. ಜುಲ್ಮೀರಾ ಬಲಗೈಯಿಂದ ಎಡ ತೋಳಿನ ಪಟ್ಟಿಯನ್ನು ಒಮ್ಮೆ ಮುಟ್ಟಿ ಕೈ ಕೆಳಗಿಟ್ಟಳು.

ಒಂದಕ್ಕೆ ಎರಡು ಗೋಲುಗಳಿಂದ ಸೋತರು. ಆ ಒಂದು ಬ್ರಿಜಿದಾ ಹೊಡೆದದ್ದು. ಎದುರಾಳಿಗಳ ಒಂಬತ್ತನೇ ನಂಬರಿನವಳಿಗೆ ಒಂದೂ ಸಿಗಲಿಲ್ಲ.

ಪಟ್ಟಿ ಬಿಚ್ಚುವಂತಿಲ್ಲ ಎಂಬ ಷರತ್ತನ್ನು ಲಿಂದಕ್ಕ ಹೇಳಿದ್ದು ಪಂದ್ಯ ಮುಗಿದ ಮೇಲೆ.

"ಹನ್ನೊಂದು ದಿನಾನಾ?" ಎಂದು ಕಿರುಚಿದಳು ಬ್ರಿಜಿದಾ. "ನನ್ನ ಅತ್ತಿಗೆ ಮಗೂಗೆ ಭಾನುವಾರ ಜ್ಞಾನಸ್ನಾನ! ನಾನೇ ಜ್ಞಾನತಾಯಿ!"

"ಕಪ್ಪು ಕಟ್ಕೊಂಡೇ ಎತ್ಕೋ. ಮಗು ಏನೂ ಕೇಳಲ್ಲ."

ಮಗು ಕೇಳಲಿಲ್ಲ, ಬೇರೆಯವರೆಲ್ಲ ಕೇಳಿದರು. ಹನ್ನೊಂದು ದಿನ ಹದಿನೆಂಟು ಹುಡುಗಿಯರು ಕಾಲೇಜಿನಲ್ಲಿ, ತರಕಾರಿ ಅಂಗಡಿಯಲ್ಲಿ, ಚರ್ಚಿನಲ್ಲಿ ಯಾರು ತೀರಿಕೊಂಡರೆಂಬ ಪ್ರಶ್ನೆ ಕೇಳಿಸಿಕೊಂಡರು. ನಮ್ಮ ಡ್ರೈವರ್, ಎಂದು ಉತ್ತರ ಕೊಟ್ಟರು. ಆ ಮೀಸಲು ಗೋಲ್‌ಕೀಪರ್ ಕೂಡ ಅದನ್ನೇ ಹೇಳಿದಳು.

ವರ್ಷ ತುಂಬಿದ ಬುಧವಾರ ಬೆಳಿಗ್ಗೆ ಪೂಜೆ ಮುಗಿಸಿ, ಸಮಾಧಿಗೆ ಹೂವಿಟ್ಟು, ಎಲ್ಲರೂ ಬೆಕೊರಾದ ಅಂಗಳಕ್ಕೆ ಬಂದರು. ದೂರದ ಬೌಕಾವ್ ಊರಿನ ಇಬ್ಬರು ಹುಡುಗಿಯರು ನಸುಕಿನ ಬಸ್ಸು ಹಿಡಿದು ಬಂದಿದ್ದರು. ಗಾಸ್ಪರ್ ಎರಡು ಹಂದಿ ಕೊಯ್ಯಿಸಿದ್ದ, ಆ ಬಗ್ಗೆ ಎಲ್ಲರಿಗೂ ಹೇಳುತ್ತಲೂ ಇದ್ದ. ಮನೆಯವರ ಕಪ್ಪು ಮೊದಲು ಬಿಚ್ಚುವುದು ವಾಡಿಕೆ. ಬೆರ್ತಾ ಮಗಳನ್ನು ಕರೆದಳು. ಜುಲ್ಮೀರಾ ಹಿಂದೆ ಸರಿದು ನಿಂತಳು.

"ಅವರದ್ದು ಬಿಚ್ಚಮ್ಮ ಮೊದಲು."

ಬೆರ್ತಾ ಒಪ್ಪಿದಳು. ಒಬ್ಬೊಬ್ಬಳ ತೋಳು ಹಿಡಿದು ಗಂಟು ಬಿಚ್ಚಿ, ಹಣೆಗೆ ಮುತ್ತಿಟ್ಟು, ಹೆಸರು ಕೇಳಿ ಕಳಿಸಿದಳು. ಬೆವರಿಗೆ ಬಿಗಿದುಕೊಂಡ ಗಂಟುಗಳು ಬೇಗ ಬಿಚ್ಚುತ್ತಿರಲಿಲ್ಲ. ಆದರೂ ಲಿಂದಕ್ಕ ಮುಂದೆ ಹಿಡಿದ ಕತ್ತರಿಯನ್ನು ಅವಳು ಮುಟ್ಟಲಿಲ್ಲ, ಉಗುರಿನಲ್ಲೇ ಬಿಡಿಸಿದಳು. ಹದಿನೇಳು ಆದವು. ಅಂಗಳದ ಇನ್ನೊಂದು ತುದಿಯಲ್ಲಿ ಯಾರೋ ಹಾಡು ಹಚ್ಚಿದರು. ಜುಲ್ಮೀರಾ ಇನ್ನೂ ಗೋಡೆಗೊರಗಿ, ಪಟ್ಟಿಯ ಮೇಲೆ ಅಂಗೈ ಮುಚ್ಚಿಕೊಂಡು ನಿಂತಿದ್ದಳು. ಯಾರೂ ಅವಸರ ಮಾಡಲಿಲ್ಲ. ಕೊನೆಗೆ ತಟ್ಟೆ ಹಿಡಿದ ಬ್ರಿಜಿದಾ ಹತ್ತಿರ ಬಂದು, ತನ್ನ ಬರಿದಾದ ತೋಳನ್ನು ಅವಳ ಹೆಗಲ ಸುತ್ತ ಹಾಕಿದಳು.

"ಬಾರೇ," ಎಂದಳು ಮೆಲ್ಲಗೆ. "ಇಷ್ಟು ದಿನ ನಾವೂ ಹೊತ್ವಲ್ಲ, ಸಾಕು. ಅನ್ನ ಆರಿಹೋಗ್ತಾ ಇದೆ."

ಜುಲ್ಮೀರಾ ತಾಯಿಯ ಮುಂದೆ ಹೋಗಿ ಎಡ ತೋಳನ್ನು ಚಾಚಿದಳು.